ಏಕಾದಶಿಯಂದು ನೀರಡಿಕೆಯಾದರೆ ನೀರು ಕುಡಿಯಬಹುದೇ?

ಪ್ರಶ್ನೆ: ನಮ್ಮ ಅತ್ತೆಯವರಿಗೆ 74 ವರ್ಷ. ಮೂಲತಃ ಸುರಪುರದವರು, ಈಗ ಬೆಂಗಳೂರಿನಲ್ಲಿ ನಮ್ಮ ಜೊತೆಗಿದ್ದಾರೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ. ಜ್ಯೇಷ್ಠ ಮಾಸದ ನಿರ್ಜಲ ಏಕಾದಶಿಯನ್ನು ಮದುವೆಯಾದಾಗಿನಿಂದ ಬಿಟ್ಟಿಲ್ಲ. ಕಳೆದ ವರ್ಷ ದ್ವಾದಶಿ ಬೆಳಿಗ್ಗೆ ಸ್ನಾನಕ್ಕೆ ಹೋದವರು ತಲೆ ತಿರುಗಿ ಬಿದ್ದರು. ಈ ವರ್ಷ ಬೇಡವೆಂದರೆ ಕೇಳುತ್ತಿಲ್ಲ. "ನನಗೆ ನೀರಡಿಕೆಯೇ ಆಗೋದಿಲ್ಲ" ಎನ್ನುತ್ತಾರೆ. ನೀರು ಕುಡಿದರೆ ವ್ರತಭಂಗವಾಗುತ್ತದೆಯೇ? ಅವರ ಜಾತಕವನ್ನೂ ಕಳಿಸಿದ್ದೇನೆ. ಗ್ರಹದೋಷವೇನಾದರೂ ಇದ್ದರೆ ತಿಳಿಸಿ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಜಾತಕವನ್ನು ನೋಡಿದೆ, ಮಡಿಸಿ ಇಟ್ಟೆ. ಜಲಕಾರಕನಾದ ಚಂದ್ರ ಅವರ ಜಾತಕದಲ್ಲಿ ಎಲ್ಲಿ ಕೂತಿದ್ದಾನೆ ಎಂಬುದಕ್ಕೂ ಅವರು ಬಚ್ಚಲಲ್ಲಿ ಬಿದ್ದದ್ದಕ್ಕೂ ಸಂಬಂಧ ಹುಡುಕುವುದು ಬೇಡ. ಬಿ.ಪಿ. ಮಾತ್ರೆಯ ಮೇಲಿರುವ 74 ವರ್ಷದ ದೇಹ 24 ತಾಸು ನೀರಿಲ್ಲದೆ ಇದ್ದು, ಬೆಳಿಗ್ಗೆ ಎದ್ದು ನಿಂತಾಗ ತಲೆ ತಿರುಗಿತು. ಇದಕ್ಕೆ ಶಾಂತಿಹೋಮ ಬೇಡ, ಒಂದು ಚರಿಗೆ ನೀರು ಬೇಕು.

ಆದರೆ ತಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮಾತು. "ನೀರಡಿಕೆಯೇ ಆಗೋದಿಲ್ಲ" ಎಂಬ ಮಾತು. ಅದೇ ಮಾತನ್ನು ಸುಮಾರು 20 ವರ್ಷದ ಹಿಂದೆ ಶಹಾಪುರದ ಒಂದು ಮನೆಯಲ್ಲಿ ಕೇಳಿದ್ದೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ತಪ್ಪು ನನ್ನದು.

ನಮ್ಮ ಕಡೆಯ ಬೇಸಿಗೆ ತಮಗೆ ಗೊತ್ತಿರಬಹುದು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳೇ ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಶಹಾಪುರದ ಗುಡ್ಡ, ಸುರಪುರದ ಸುತ್ತಲಿನ ಗುಡ್ಡ, ಯಾದಗಿರಿಯ ಕೋಟೆ, ಎಲ್ಲ ಬರೀ ಬಂಡೆ. ಹಗಲು ಕುಡಿದ ಬಿಸಿಲನ್ನು ರಾತ್ರಿ ಉಗುಳುತ್ತವೆ. ನಿರ್ಜಲ ಏಕಾದಶಿ ಬರುವುದು ಇಂಥದೇ ಹೊತ್ತಿನಲ್ಲಿ, ಮಳೆ ಇನ್ನೂ ಹಿಡಿಯದ ಮೇ ಕೊನೆಗೆ ಅಥವಾ ಜೂನ್‌ನಲ್ಲಿ. ಅಂಥ ಒಂದು ಏಕಾದಶಿಯ ಸಂಜೆ ನಾನು ವರ್ಷಾನುಗಟ್ಟಲೆ ಪೂಜೆಗೆ ಹೋಗುತ್ತಿದ್ದ ಮನೆಯ ಅಜ್ಜಿ ಕೇಳಿದರು: "ಆಚಾರ್ರೇ, ಬಾಯಿ ಭಾಳ ಒಣಗೇದ. ಒಂದು ಗುಟುಕು ನೀರು ತೊಗೊಂಡ್ರ ನಡೀತದೇನ್ರೀ?" ನಾನು ಪಾಠಶಾಲೆಯಲ್ಲಿ ಓದಿದವನೆಂಬ ಬಿಗುವಿನಲ್ಲಿ, "ಇನ್ನೆಷ್ಟು ಹೊತ್ತದ್ರೀ ಅಜ್ಜೀ, ನಾಮಸ್ಮರಣಿ ಮಾಡ್ರಿ, ಬೆಳಗಾಗೇ ಬಿಡ್ತದ" ಎಂದೆ. ರಾತ್ರಿ ಭಜನೆಗೆ ಮತ್ತೆ ಹೋದಾಗ ಕೇಳಿದೆ. "ಈಗ ನೀರಡಿಕಿನೇ ಇಲ್ರೀ, ದೇವರು ದೊಡ್ಡಾಂವ" ಎಂದರು. ಎಲ್ಲರೂ ಕೈಮುಗಿದೆವು. ಅದನ್ನು ಹರಿಯ ಅನುಗ್ರಹವೆಂದೇ ತಿಳಿದೆವು.

ನಡುರಾತ್ರಿ ಕಳೆದ ಮೇಲೆ ಅವರು ಮೊಮ್ಮಗನನ್ನು ಎಂದೋ ತೀರಿಕೊಂಡ ತಮ್ಮ ಅಣ್ಣನ ಹೆಸರಿನಿಂದ ಕರೆಯತೊಡಗಿದರು. ಹಿಂದಿನ ಮಧ್ಯಾಹ್ನದಿಂದ ಮೂತ್ರ ಹೋಗಿರಲಿಲ್ಲವೆಂದು ಆಗ ಸೊಸೆಗೆ ಹೊಳೆಯಿತು. ಆಸ್ಪತ್ರೆಗೆ ಒಯ್ದು ಸಲೈನ್ ಹಚ್ಚಿದರು. ಬದುಕಿದರು, ಆದರೆ ಮೂತ್ರಪಿಂಡ ಮೊದಲಿನಂತೆ ಆಗಲಿಲ್ಲ. ಅಲ್ಲಿದ್ದ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟೇ: "ನೀರು ಬೇಕು ಅಂದಾಗ ನೀವು ಕೊಡಬೇಕಿತ್ತು. ಬ್ಯಾಡ ಅಂದಾಗ ಓಡಿಬರಬೇಕಿತ್ತು."

ಆ ಮೇಲೆ ನಾನು ಈ ವಿಷಯವನ್ನು ಶಾಸ್ತ್ರದಲ್ಲೂ ವೈದ್ಯರಲ್ಲೂ ಕೇಳಿ ತಿಳಿದುಕೊಂಡೆ. ಮೊದಲು ದೇಹದ ಮಾತು.

ರಕ್ತದಲ್ಲಿ ನೀರು ಇಳಿದು ಉಪ್ಪಿನಂಶ ಗಟ್ಟಿಯಾದಾಗ ಮಿದುಳು ಎರಡು ಕೆಲಸ ಮಾಡುತ್ತದೆ. ಮೂತ್ರಪಿಂಡಕ್ಕೆ "ನೀರು ಹಿಡಿದಿಟ್ಟುಕೋ" ಎಂದು ಹೇಳಿ ಕಳಿಸುತ್ತದೆ, ನಮಗೆ ನೀರಡಿಕೆ ಹುಟ್ಟಿಸುತ್ತದೆ. ಹೀಗಾಗಿ ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗುವುದೂ ಬಾಯಿ ಒಣಗುವುದೂ ಒಟ್ಟೊಟ್ಟಿಗೇ ನಡೆಯುತ್ತವೆ. ನೀರಡಿಕೆ ಚೆನ್ನಾಗಿ ಗೊತ್ತಾಗುವ ಹೊತ್ತಿಗೆ ದೇಹದ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲಿನಷ್ಟು ನೀರು ಆಗಲೇ ಹೋಗಿರುತ್ತದೆ. 60 ಕಿಲೋ ತೂಗುವವರಿಗೆ ಅದು ಅರ್ಧ ಲೀಟರಿನಿಂದ ಒಂದು ಲೀಟರಿನ ಮೇಲಾಯಿತು. ಆರೋಗ್ಯವಂತ ಯುವಕ ನೆರಳಲ್ಲಿ ಕೂತಿದ್ದರೆ ಇದರಿಂದ ದೊಡ್ಡ ಅಪಾಯವಿಲ್ಲ, ನೀರಡಿಕೆಯಾದಾಗ ಕುಡಿದರೆ ಸಾಕು. ವಯಸ್ಸಾದಂತೆ ಮಾತ್ರ ಈ ಗಂಟೆ ಬಾರಿಸುವುದೇ ನಿಧಾನವಾಗುತ್ತದೆ. ನೀರು ಕಡಿಮೆಯಾದರೂ ನೀರಡಿಕೆ ಹುಟ್ಟುವುದಿಲ್ಲ, ಹುಟ್ಟಿದರೂ ಎರಡು ಗುಟುಕಿಗೆ ತಣಿದುಬಿಡುತ್ತದೆ. ಅತ್ತ ಮೂತ್ರಪಿಂಡಕ್ಕೂ ನೀರು ಹಿಡಿದಿಡುವ ಶಕ್ತಿ ಮೊದಲಿನಷ್ಟಿರುವುದಿಲ್ಲ. ಬಿ.ಪಿ. ಮಾತ್ರೆಗಳಲ್ಲಿ ಕೆಲವು ಮೂತ್ರವನ್ನು ಹೆಚ್ಚಿಸುವಂಥವು. ಆದ್ದರಿಂದ ತಮ್ಮ ಅತ್ತೆಯವರಿಗೆ ನೀರಡಿಕೆ ಆಗದಿರುವುದು ಅವರ ದೇಹಕ್ಕೆ ನೀರು ಬೇಡವೆಂಬುದಕ್ಕೆ ಸಾಕ್ಷಿಯಲ್ಲ.

ನಮ್ಮ ವೈದ್ಯಗ್ರಂಥವೂ ಇದನ್ನು ಹಗುರವಾಗಿ ಕಂಡಿಲ್ಲ. ತಡೆಯಬಾರದ 13 ವೇಗಗಳನ್ನು ಚರಕಸಂಹಿತೆ ಸೂತ್ರಸ್ಥಾನದಲ್ಲಿ ಎಣಿಸುತ್ತದೆ. ಮಲಮೂತ್ರ, ಸೀನು, ಆಕಳಿಕೆ, ನಿದ್ರೆಗಳ ಜೊತೆಗೆ ಹಸಿವು, ನೀರಡಿಕೆಗಳೂ ಅದರಲ್ಲಿವೆ. ನೀರಡಿಕೆಯನ್ನು ತಡೆದರೆ ಗಂಟಲು ಬಾಯಿ ಒಣಗುವುದು, ಕಿವಿ ಮಂದವಾಗುವುದು, ಆಯಾಸ, ಎದೆಯಲ್ಲಿ ನೋವು ಎಂದು ಅಲ್ಲಿ ಹೇಳಿದೆ.

ಇನ್ನು ಧರ್ಮಶಾಸ್ತ್ರ. ನೀರು ಕುಡಿದರೆ ಉಪವಾಸ ಕೆಡುತ್ತದೆ ಎಂಬ ಮಾತಿಗೆ ಆಧಾರವೇ ಇಲ್ಲವೆಂದು ನಾನು ಹೇಳಲಾರೆ. ಮತ್ತೆ ಮತ್ತೆ ನೀರು ಕುಡಿಯುವುದು, ತಾಂಬೂಲ ಜಗಿಯುವುದು, ಹಗಲು ಮಲಗುವುದು ಇವುಗಳಿಂದ ಉಪವಾಸ ಕೆಡುತ್ತದೆಂದು ದೇವಲರ ವಚನವಿದೆ. ನಾನು ಆ ಅಜ್ಜಿಗೆ ಹೇಳಿದಾಗ ನನ್ನ ತಲೆಯಲ್ಲಿದ್ದದ್ದು ಇದೇ. ಆದರೆ ಪ್ರಾಣಸಂಕಟದಲ್ಲಿ ನೀರು ಕುಡಿದರೆ ಉಪವಾಸ ಕೆಡುವುದಿಲ್ಲ ಎಂಬ ವಚನವೂ ಅದರ ಜೊತೆಗೇ ಇದೆ. ಒಂದನ್ನು ಬಾಯಿಪಾಠ ಮಾಡಿ ಇನ್ನೊಂದನ್ನು ಮರೆಯುವುದು ನಮ್ಮಂಥವರ ರೋಗ.

ಅದಕ್ಕಿಂತ ದೊಡ್ಡ ಮಾತು ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನ ಬಾಯಲ್ಲಿ ಬರುತ್ತದೆ. ವ್ರತವನ್ನು ಕೆಡಿಸದಿರುವ ವಸ್ತುಗಳು ಎಂಟು: ನೀರು, ಗಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಅಪೇಕ್ಷೆ, ಗುರುವಚನ, ಔಷಧ. ಎಣಿಕೆಯಲ್ಲಿ ಮೊದಲು ಬಂದದ್ದೇ ನೀರು, ಕಡೆಗೆ ಬಂದದ್ದು ಔಷಧ. ಮಾತ್ರೆಯನ್ನು ನೀರಿಲ್ಲದೆ ಒಣಗಂಟಲಲ್ಲಿ ನುಂಗುವ ಹಿರಿಯರನ್ನು ನಾನು ಕಂಡಿದ್ದೇನೆ, ವ್ರತದ ದಿನ ಮಾತ್ರೆಯನ್ನೇ ಬಿಡುವವರನ್ನೂ ಕಂಡಿದ್ದೇನೆ. ಎರಡೂ ಬೇಡ. ಉಪವಾಸದ ದಿನ ಯಾವ ಮಾತ್ರೆ, ಎಷ್ಟು ಎಂಬುದನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಂಡು ಬನ್ನಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇರುವವರಂತೂ ಕೇಳದೆ ಉಪವಾಸಕ್ಕೆ ಕೂರಲೇಬಾರದು.

ಅಂಬರೀಷನ ಕಥೆ ತಮ್ಮ ಅತ್ತೆಯವರಿಗೆ ಖಂಡಿತ ಗೊತ್ತಿರುತ್ತದೆ. ದ್ವಾದಶಿ ಮುಗಿಯುತ್ತ ಬಂದಿತ್ತು, ಅತಿಥಿಯಾಗಿ ಬಂದ ದೂರ್ವಾಸರು ಸ್ನಾನಕ್ಕೆ ಹೋದವರು ತಿರುಗಿ ಬರಲಿಲ್ಲ. ಪಾರಣೆ ಮಾಡಿದರೆ ಅತಿಥಿಗೆ ಅಪಚಾರ, ಬಿಟ್ಟರೆ ವ್ರತಲೋಪ. ಆಗ ಬಲ್ಲವರೊಡನೆ ವಿಚಾರಿಸಿ ರಾಜ ಬರೀ ನೀರು ಕುಡಿದ. ನೀರು ಕುಡಿಯುವುದು ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು ಎಂಬ ನಿರ್ಣಯದ ಮೇಲೆ. "ಉಂಡಂತೆ ಎಂದಿದೆಯಲ್ಲ, ಹಾಗಾದರೆ ಏಕಾದಶಿಗೆ ಕುಡಿದರೆ ಉಂಡ ಹಾಗೇ ಆಯ್ತು" ಎಂದು ಕೆಲವರು ನನ್ನನ್ನು ಕೆಣಕಿದ್ದಾರೆ. ವಾದಕ್ಕೆ ಸರಿ. ಆದರೆ ಆ ಎರಡೂ ಅರ್ಥದ ಬಾಗಿಲನ್ನು ತೆರೆದಿಟ್ಟದ್ದು ಇಕ್ಕಟ್ಟಿನಲ್ಲಿ ಸಿಕ್ಕವರಿಗಾಗಿಯೇ.

ಉಪನಿಷತ್ತಿನಲ್ಲಿ ಇನ್ನೂ ನೇರವಾಗಿದೆ. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಉದ್ದಾಲಕರು ಮಗ ಶ್ವೇತಕೇತುವಿಗೆ 15 ದಿನ ಉಪವಾಸ ಮಾಡಿಸುತ್ತಾರೆ. ಅನ್ನ ಬೇಡ ಎಂದವರು ನೀರನ್ನು ಮಾತ್ರ ಬೇಕಾದಷ್ಟು ಕುಡಿ ಎನ್ನುತ್ತಾರೆ. ಕಾರಣವನ್ನೂ ಕೊಡುತ್ತಾರೆ: ಪ್ರಾಣವು ನೀರಿನಿಂದಾದದ್ದು, ಕುಡಿಯುತ್ತಿರುವವನ ಪ್ರಾಣದ ಎಳೆ ಕಡಿಯುವುದಿಲ್ಲ. 15 ದಿನದ ಮೇಲೆ ಮಗನಿಗೆ ಓದಿದ ವೇದ ಒಂದೂ ನೆನಪಾಗಲಿಲ್ಲ, ಊಟ ಮಾಡಿದ ಮೇಲೆ ಎಲ್ಲ ಮರಳಿತು. ಅನ್ನವಿಲ್ಲದೆ ನೆನಪು ಹೋಯಿತು, ನೀರಿದ್ದುದರಿಂದ ಜೀವ ಉಳಿಯಿತು. ಪಾಠಶಾಲೆಯಲ್ಲಿ ಇದನ್ನು ಸ್ವರ ತಪ್ಪದಂತೆ ಹೇಳಲು ಕಲಿತಿದ್ದೆ. ಅರ್ಥ ಹೊಳೆದದ್ದು ಆ ಆಸ್ಪತ್ರೆಯ ಬೆಂಚಿನ ಮೇಲೆ.

ಹಾಗಾದರೆ ನಿರ್ಜಲ ಏಕಾದಶಿ? ಅದು ಯಾರಿಗಾಗಿ ಹುಟ್ಟಿತು ನೋಡಿ. ವರ್ಷದ ಏಕಾದಶಿಗಳನ್ನೆಲ್ಲ ಮಾಡಲಾಗದ ಭೀಮಸೇನನಿಗೆ, ಅವನ ಹೊಟ್ಟೆಯ ವೃಕಾಗ್ನಿಗೆ, ಅವನ ತೋಳಿನ ಬಲಕ್ಕೆ ವ್ಯಾಸರು ಹೇಳಿದ ವ್ರತ. ಭೀಮನ ಏಕಾದಶಿ ಎಂದೇ ಅದಕ್ಕೆ ಹೆಸರು. ಅಲ್ಲೂ ಸ್ನಾನ, ಆಚಮನಗಳ ನೀರಿಗೆ ನಿಷೇಧವಿಲ್ಲ. ಆಚಮನದ ನೀರೆಂದರೆ ಒಂದು ಉದ್ದಿನ ಕಾಳು ಮುಳುಗುವಷ್ಟು. ಅದು ಶುದ್ಧಿಗೆ, ದಾಹಕ್ಕಲ್ಲ. ತಮ್ಮ ಅತ್ತೆಯವರು "ಮೂರು ಸಲ ಆಚಮನ ಮಾಡೀನಿ, ಸಾಕು" ಎಂದರೆ ಒಪ್ಪಬೇಡಿ.

80 ವರ್ಷ ತುಂಬಿದವರಿಗೆ ಏಕಾದಶಿ ಉಪವಾಸದ ಕಡ್ಡಾಯವಿಲ್ಲ. 74ಕ್ಕೆ ಆ ರಿಯಾಯಿತಿ ಸಿಗದು ಎಂದು ಅವರು ವಾದಿಸಬಹುದು. ಆದರೆ ಅಶಕ್ತರಿಗೆ ವಯಸ್ಸಿನ ಲೆಕ್ಕವಿಲ್ಲದೆ ಅನುಕಲ್ಪಗಳಿವೆ. 1612ರ ನಿರ್ಣಯಸಿಂಧು, 1790ರ ಸುಮಾರಿನ ಧರ್ಮಸಿಂಧು ಎರಡರಲ್ಲೂ ಈ ವಿಚಾರ ಬರುತ್ತದೆ. ರಾತ್ರಿ ಒಂದು ಹೊತ್ತು ಹವಿಷ್ಯಾನ್ನ, ಅದಕ್ಕಿಂತ ಮೇಲು ಹಣ್ಣು, ಅದಕ್ಕಿಂತ ಹಾಲು, ಹಾಲಿಗಿಂತ ಬರೀ ನೀರು. ಅಂದರೆ ನೀರು ಕುಡಿದು ಮಾಡುವ ಉಪವಾಸವೂ ಮೆಟ್ಟಿಲಿನ ಮೇಲ್ಭಾಗದಲ್ಲೇ ಇದೆ. ತೀರ ಆಗದಿದ್ದರೆ ಮಗನೋ ಸೊಸೆಯೋ ಅವರ ಪರವಾಗಿ ಉಪವಾಸ ಮಾಡುವ ಪ್ರತಿನಿಧಿ ಕ್ರಮವೂ ಉಂಟು. ನನ್ನ ಸಲಹೆ: ಅವರು ನೀರು, ಹಾಲು, ಹಣ್ಣಿನ ಮೇಲೆ ಇರಲಿ. ನಿರ್ಜಲವನ್ನು ಮಾಡಲೇಬೇಕೆಂದರೆ ಶಕ್ತಿಯಿದ್ದರೆ ತಮ್ಮ ಯಜಮಾನರು ಮಾಡಲಿ, ಸಂಕಲ್ಪದಲ್ಲಿ ತಾಯಿಯ ಹೆಸರು ಹೇಳಲಿ.

ಮುಂದಿನ ನಾಲ್ಕು ಸಾಲನ್ನು ಅವರಿಗೇ ಓದಿ ಹೇಳಿ.

ಅಕ್ಕಾ, ನಾ ನಿಮಗಿಂತ ಸಣ್ಣವ, ನಿಮ್ಮ ಭಾಗದವ. ನೀವು ಇಷ್ಟು ವರ್ಷ ನಡೆಸಿದ್ದು ಎಲ್ಲೂ ಹೋಗೂದಿಲ್ಲ. ವ್ರತ ಬಿಡ್ರಿ ಅಂತ ನಾ ಹೇಳೂದಿಲ್ಲ, ಸಂಕಲ್ಪ ಬದಲು ಮಾಡ್ರಿ ಅಂತೀನಿ. ಬೆಳಿಗ್ಗೆ ಸಂಕಲ್ಪ ಮಾಡುವಾಗಲೇ "ಯಥಾಶಕ್ತಿ, ಜಲಕ್ಷೀರಸಹಿತ" ಅಂತ ಹೇಳ್ರಿ, ಆಮ್ಯಾಲೆ ಕುಡಿದದ್ದು ಭಂಗ ಆಗೂದಿಲ್ಲ, ಅದೇ ನಿಮ್ಮ ವ್ರತ. ಗುರುವಚನ ಆ ಎಂಟರಾಗ ಒಂದು. ನಿಮ್ಮ ಮನಿ ಪುರೋಹಿತರನ್ನೂ ಒಂದು ಮಾತು ಕೇಳ್ರಿ.

ಇನ್ನು ತಮಗೆ, ತಂಗೀ. ಅವತ್ತು "ನೀರಡಿಕೆ ಆಯ್ತೇ?" ಎಂದು ಕೇಳುತ್ತ ಕೂರಬೇಡಿ. ತಾಸಿಗೊಮ್ಮೆ ಅರ್ಧ ಲೋಟ ಕೈಗೆ ಕೊಡಿ. ಎಷ್ಟು ಸಲ ಮೂತ್ರಕ್ಕೆ ಹೋದರು, ಬಣ್ಣ ಹೇಗಿತ್ತು ಎಂದು ಮುಜುಗರವಿಲ್ಲದೆ ವಿಚಾರಿಸಿ. ತಿಳಿ ಹಳದಿಯಾದರೆ ಚಿಂತೆಯಿಲ್ಲ. ಅರಿಸಿನ ಕದಡಿದ ನೀರಿನಂತೆ, ಡಿಕಾಕ್ಷನ್ನಿನಂತೆ ಆಗಿದ್ದರೆ, ಏಳೆಂಟು ತಾಸು ಹೋಗದೇ ಇದ್ದರೆ ದೇಹದಲ್ಲಿ ನೀರು ಸಾಲದು. ನಾಲಿಗೆ ಒಣಗಿ ಅಂಟುವುದು, ಎದ್ದು ನಿಂತರೆ ತಲೆ ತಿರುಗುವುದು, ತಲೆನೋವು, ಎದೆ ಡವಡವ ಎನ್ನುವುದು, ಇವೂ ಅದನ್ನೇ ಹೇಳುತ್ತವೆ. ಕೈಮೇಲಿನ ಚರ್ಮ ಚಿವುಟಿ ನೋಡುವ ಪರೀಕ್ಷೆ ವಯಸ್ಸಾದವರಲ್ಲಿ ಸರಿಯಾಗಿ ಹೇಳುವುದಿಲ್ಲ. ಮಾತು ತೊದಲಿದರೆ, ಜನರನ್ನು ಗುರುತಿಸುವುದರಲ್ಲಿ ಗೊಂದಲವಾದರೆ, ಎಚ್ಚರ ತಪ್ಪಿದರೆ ಬಾಯಿಗೆ ನೀರು ಸುರಿಯಬೇಡಿ, ನೇರ ಆಸ್ಪತ್ರೆಗೆ ಹೊರಡಿ.

ಬರೀ ನೀರಿಗಿಂತ ಸ್ವಲ್ಪ ಉಪ್ಪು ಸಕ್ಕರೆ ಕೂಡಿದ ನೀರು ಬೇಗ ಹಿಡಿಯುತ್ತದೆ. ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಮಟ್ಟಸ. ಏಕಾದಶಿಗೆ ಉಪ್ಪು ಬೇಡವೆನ್ನುವ ಮನೆಗಳಲ್ಲಿ ಸೈಂಧವ ಲವಣ ಹಾಕಬಹುದು. ಔಷಧದಂಗಡಿಯ ಓ.ಆರ್.ಎಸ್. ಪುಡಿಯಾದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಅದು ಔಷಧ, ವ್ರತಕ್ಕೆ ಅಡ್ಡಿಯಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯವರು ಇದನ್ನು ದಿನವಿಡೀ ಪಾನಕದಂತೆ ಕುಡಿಯಬಾರದು. ಹೃದಯ, ಮೂತ್ರಪಿಂಡದ ತೊಂದರೆಯಿದ್ದು ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಆ ಮಿತಿಯೇ ಪ್ರಮಾಣ. ಗಟಗಟನೆ ಲೀಟರುಗಟ್ಟಲೆ ಕುಡಿಯುವುದೂ ತಪ್ಪೇ, ರಕ್ತದ ಉಪ್ಪು ತೆಳುವಾಗಿ ಅದೇ ಗೊಂದಲ, ಅದೇ ಎಚ್ಚರ ತಪ್ಪುವಿಕೆ ಬರುತ್ತದೆ. ದ್ವಾದಶಿ ಪಾರಣೆಗೆ ಮೊದಲು ಕಾಫಿ ಬೇಡ. ಕುಳಿತುಕೊಂಡೇ ನಿಧಾನವಾಗಿ ನೀರು ಕುಡಿಯಲಿ. ಆಮೇಲೆ ಅಗಸೆಸೊಪ್ಪು, ನೆಲ್ಲಿಕಾಯಿ. ಸ್ನಾನಕ್ಕೆ ಹೋಗುವಾಗ ಬಾಗಿಲಿಗೆ ಅಗಳಿ ಹಾಕದಿರಲಿ.

ಇನ್ನೊಂದು ಮಾತು, ಯಾರೂ ಬಾಯಿಬಿಟ್ಟು ಕೇಳದ್ದು. ನಮ್ಮ ಮನೆಗಳ ಹಿರಿಯ ಹೆಣ್ಣುಮಕ್ಕಳು ವ್ರತದ ದಿನ ಮಾತ್ರವಲ್ಲ, ಮಡಿಯಲ್ಲಿ ಅಡಿಗೆ ಮಾಡುವ ದಿನವೆಲ್ಲ ನೀರು ಕುಡಿಯುವುದಿಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋದರೆ ಮಡಿ ಕೆಟ್ಟು ಮತ್ತೆ ಸ್ನಾನ ಎಂಬ ಅಂಜಿಕೆ. ಪ್ರಯಾಣದಲ್ಲಿ, ಮದುವೆ ಮನೆಯಲ್ಲಿ ಬೇರೆ ಅಂಜಿಕೆ. ಮೂತ್ರಕ್ಕೆ ಹೋಗಿ ಬಂದವರಿಗೆ ಶಾಸ್ತ್ರ ಹೇಳಿದ್ದು ಶೌಚ, ಕೈಕಾಲು ತೊಳೆಯುವುದು, ಆಚಮನ. ಸ್ನಾನವನ್ನು ಹೇಳಿಲ್ಲ. ಮನೆಯಲ್ಲಿ ಇದನ್ನು ಗಂಡಸರೇ ಮೊದಲು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರು ಕುಡಿಯುವುದಿಲ್ಲ.

ಪ್ರಶ್ನೆ: ಮೇ ತಿಂಗಳಲ್ಲಿ ಯಾದಗಿರಿಯಲ್ಲಿ ಮಗನ ಉಪನಯನ. ಕರ್ತೃಗಳು, ವಟು ಬೆಳಿಗ್ಗೆಯಿಂದ ಹೋಮ ಮುಗಿಯುವವರೆಗೆ ನೀರು ಮುಟ್ಟಬಾರದೆಂದು ಹಿರಿಯರು ಹೇಳುತ್ತಾರೆ. ಸರಿಯೇ?
— ಪುಣೆ

ಉತ್ತರ: ಕಬ್ಬು, ನೀರು, ಹಣ್ಣು, ಗಡ್ಡೆ, ತಾಂಬೂಲ, ಹಾಲು, ಔಷಧ ಇವನ್ನು ತೆಗೆದುಕೊಂಡ ಮೇಲೂ ಸ್ನಾನ-ದಾನಾದಿ ಕರ್ಮಗಳನ್ನು ಮಾಡಬಹುದೆಂದು ಸ್ಮೃತಿವಚನವೇ ಇದೆ. ಬಿಸಿಲುಗಾಲದಲ್ಲಿ, ಷಾಮಿಯಾನದ ಕೆಳಗೆ, ಅಗ್ನಿಯ ಮುಂದೆ ಕೂತವರಿಗೆ ಒಂದು ತಾಸಿನಲ್ಲೇ ಅರ್ಧ ಲೀಟರ್ ಬೆವರು ಹೋಗಬಹುದು. ಕರ್ಮದ ನಡುವೆ ಬಿಡುವು ಸಿಕ್ಕಲ್ಲಿ ನೀರು ಕುಡಿದು ಎರಡು ಸಲ ಆಚಮನ ಮಾಡಿ ಮುಂದುವರಿಸಿ. ಎಂಟು ವರ್ಷದ ವಟು ತಾನಾಗಿ ಕೇಳುವುದಿಲ್ಲ, ಗದ್ದಲದಲ್ಲಿ ಹೆದರಿರುತ್ತಾನೆ. ಸೋದರಮಾವನಿಗೆ ಈ ಕೆಲಸ ಒಪ್ಪಿಸಿ. ಪುರೋಹಿತರಿಗೂ ಒಂದು ಚೊಂಬು ಇಡಿ. ನಾವೂ ಬಾಯಿಬಿಟ್ಟು ಕೇಳುವವರಲ್ಲ.

ಪ್ರಶ್ನೆ: ನಿರ್ಜಲ ಏಕಾದಶಿಗೆ ಜಲಕುಂಭ ದಾನ ವಿಶೇಷವೆನ್ನುತ್ತಾರೆ. ನಾವು ಅಪಾರ್ಟ್‌ಮೆಂಟಿನಲ್ಲಿದ್ದೇವೆ, ದಾನ ತೆಗೆದುಕೊಳ್ಳುವವರು ಸಿಗುತ್ತಿಲ್ಲ.
— ಹುಬ್ಬಳ್ಳಿ

ಉತ್ತರ: ಸಿಗುವುದಿಲ್ಲವೇ? ಗೇಟಿನ ಹತ್ತಿರ ಹೋಗಿ ಒಂದು ಮಧ್ಯಾಹ್ನ ನಿಂತು ನೋಡಿ. ಕಾವಲುಗಾರ, ಕಸ ಒಯ್ಯುವವರು, ಸಾಮಾನು ತಂದುಕೊಡುವ ಹುಡುಗರು, ಇಸ್ತ್ರಿಯವರು. ಜಲದಾನಕ್ಕೆ ಕುಲಗೋತ್ರ ಕೇಳುವ ವಿಧಿಯಿಲ್ಲ, ನೀರಡಿಕೆಯೇ ಅರ್ಹತೆ. ಹಳಗನ್ನಡ ಶಾಸನಗಳಲ್ಲಿ ಅರವಂಟಿಗೆಗೆ ಬಿಟ್ಟ ದತ್ತಿಗಳಿವೆ, ನಾವು ಈಗ ಅರವಟ್ಟಿಗೆ ಎನ್ನುತ್ತೇವೆ. ನಮ್ಮ ಕಡೆ ಬೇಸಿಗೆಯಲ್ಲಿ ಬಸ್ ನಿಲ್ದಾಣದ ಹತ್ತಿರ ಗೋಣಿತಟ್ಟು ಸುತ್ತಿದ ಮಣ್ಣಿನ ಕೊಡಗಳು ಇಂದಿಗೂ ಸಾಲಾಗಿ ಕೂರುತ್ತವೆ.

ಹೊಸ ಮಣ್ಣಿನ ಕೊಡವನ್ನು ಎರಡು ದಿನ ನೀರು ತುಂಬಿ ಚೆಲ್ಲಿ, ಆಮೇಲೆ ಬಳಸಿ. ಮನೆಯಲ್ಲಿ ಕುಡಿಯುವ ನೀರನ್ನೇ ತುಂಬಿ, ಬೋರಿನ ನೀರು ಬೇಡ. ಉತ್ತರ ಕರ್ನಾಟಕದ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಅದು ಕಾಯಿಸಿದರೆ ಹೋಗುವುದಿಲ್ಲ. ಮನೆಯಲ್ಲೇ ವಿಷ್ಣುಸ್ಮರಣೆ ಮಾಡಿ, ತುಳಸಿದಳ ಇಟ್ಟು ಸಂಕಲ್ಪ ಬಿಡಿ. ಕೊಡವನ್ನು ಗೇಟಿನ ನೆರಳಲ್ಲಿ ಕಟ್ಟೆಯ ಮೇಲಿಟ್ಟು ಮುಚ್ಚಳ ಹಾಕಿ, ಉದ್ದ ಹಿಡಿಯ ಸೌಟು ಇಡಿ, ಕೈ ಅದ್ದುವಂತಾಗಬಾರದು. ದಿನಾ ತೊಳೆದು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಎರಡು ಗಂಟೆಗೆ ಒಮ್ಮೆ ತುಂಬಿಸಿ. ಏಕಾದಶಿ ಒಂದೇ ದಿನವಲ್ಲ, ನಿಮ್ಮೂರಲ್ಲಿ ಮಳೆ ಹಿಡಿಯುವವರೆಗೆ.